ದುರಸ್ತಿಯಾಗುವುದು, ಆಗದಿರುವುದು

ಒಂದು ವಸ್ತು ನಮ್ಮದು ಎಂದು ಯಾವಾಗ ಹೇಳಬಹುದು? ಹಣ ಕೊಟ್ಟು ರಶೀದಿ ಪಡೆದ ದಿನವೇ ಎನ್ನುತ್ತದೆ ಕಾನೂನು. ಆದರೆ ಕಿಸೆಯಲ್ಲಿರುವ ಮೊಬೈಲನ್ನು ಬಿಚ್ಚಲು ತಿಳಿಯದ, ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳವಷ್ಟೇ ಕಾಣುವ ನಮಗೆ ಈ ಉತ್ತರ ಸಾಲದು. ಬಹುಶಃ ಅದಕ್ಕೇ ಯುರೋಪ್, ಅಮೆರಿಕಗಳಲ್ಲಿ ಕೆಲವರು ಸೇನೆ ಮಾರಿಬಿಟ್ಟ ಹಳೆಯ ಟ್ರಕ್ಕುಗಳನ್ನು ಕೊಂಡು, ವರ್ಷಗಟ್ಟಲೆ ರಿಪೇರಿ ಮಾಡಿ, ಮರುಭೂಮಿಗೆ ಪ್ರವಾಸ ಹೋಗುತ್ತಾರೆ. ದೂರದಿಂದ ನೋಡುವಾಗ ಇದು ಉಳ್ಳವರ ಹುಚ್ಚಿನಂತೆ ಕಾಣಬಹುದು. ಆದರೆ ಇದನ್ನು ಅಷ್ಟಕ್ಕೇ ಬಿಟ್ಟುಬಿಡುವಂತಿಲ್ಲ.

ಇಂತಹ ವಾಹನಗಳಲ್ಲಿ ಮರ್ಸಿಡಿಸ್ ಬೆಂಝ್‌ನ ಯುನಿಮಾಗ್ 404 ಹೆಸರಾದದ್ದು. 1955ರಿಂದ 1980ರವರೆಗೆ 60 ಸಾವಿರಕ್ಕೂ ಹೆಚ್ಚು ಟ್ರಕ್ಕುಗಳು ತಯಾರಾದವು. ಬಹುಪಾಲು ಪಶ್ಚಿಮ ಜರ್ಮನಿಯ ಸೇನೆಗೆ ಹೋದವು. ಆರು ಸಿಲಿಂಡರಿನ 2.2 ಲೀಟರ್ ಪೆಟ್ರೋಲ್ ಎಂಜಿನ್ ಇದರದ್ದು. ಸಾಮಾನ್ಯ ವಾಹನಗಳಲ್ಲಿ ಅಚ್ಚು ಚಕ್ರದ ನಡುವಿಗೇ ಬಂದು ಸೇರುತ್ತದೆ. ಇದರಲ್ಲಿ ಅಚ್ಚು ಅದಕ್ಕಿಂತ ಮೇಲಿರುತ್ತದೆ. ಚಕ್ರದ ಹಬ್‌ನೊಳಗಿನ ಗೇರುಗಳು ಶಕ್ತಿಯನ್ನು ಕೆಳಗಿಳಿಸುತ್ತವೆ. ಆದ್ದರಿಂದಲೇ ಟ್ರಕ್ಕಿನ ಹೊಟ್ಟೆ ಬಂಡೆಗೆ ತಾಗದೆ ದಾಟುತ್ತದೆ. ಆದರೆ ನಾಲ್ಕು ಹಬ್ಬುಗಳಿಗೂ ಪ್ರತ್ಯೇಕ ಎಣ್ಣೆ, ಪ್ರತ್ಯೇಕ ಸೀಲು. ಸೀಲು ಹಳತಾದರೆ ಎಣ್ಣೆ ಸೋರುತ್ತದೆ. ಹಾಗಾಗಿ ಒಡೆಯನಾದವನು ಪದೇ ಪದೇ ನೆಲದ ಮೇಲೆ ಅಂಗಾತ ಮಲಗಿ ಟ್ರಕ್ಕಿನ ಅಡಿಯನ್ನು ನೋಡಲೇಬೇಕು.

ಮರುಭೂಮಿಯಲ್ಲಿ ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ಕಾಯಿಲೆಯಿದೆ. ಬಿಸಿಲೂ ಎಂಜಿನ್ನಿನ ಕಾವೂ ಸೇರಿ, ಕೊಳವೆಯಲ್ಲಿರುವ ಪೆಟ್ರೋಲ್ ಪಂಪನ್ನು ತಲುಪುವ ಮೊದಲೇ ಆವಿಯಾಗುತ್ತದೆ. ದ್ರವವನ್ನು ಎಳೆಯಲು ಮಾಡಿದ ಪಂಪು ಆವಿಯನ್ನು ಎಳೆಯಲಾರದು. ಟ್ರಕ್ ಕೆಮ್ಮಿ ನಿಲ್ಲುತ್ತದೆ. ತಿಳಿಯದವನು ಮತ್ತೆ ಮತ್ತೆ ಸ್ಟಾರ್ಟರ್ ಒತ್ತಿ ಬ್ಯಾಟರಿಯನ್ನು ಬರಿದು ಮಾಡುತ್ತಾನೆ. ತಿಳಿದವನು ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಟ್ರಕ್ಕಿನದೇ ನೆರಳಲ್ಲಿ ಕುಳಿತು ಕಾಯುತ್ತಾನೆ. ಆ ಬಟ್ಟೆಗೆ ಸುರಿಯುವುದು ಕುಡಿಯುವ ನೀರನ್ನೇ. ಎಂಜಿನ್ನಿಗೆಷ್ಟು, ಮನುಷ್ಯನಿಗೆಷ್ಟು ಎಂಬ ಲೆಕ್ಕ ಅಲ್ಲಿ ತಮಾಷೆಯದ್ದಲ್ಲ. ತನ್ನ ವಸ್ತುವನ್ನು ಅರಿತಿರುವುದು ಅಲ್ಲಿ ಜೀವ ಉಳಿಸುವ ವಿದ್ಯೆ.

ಇಂಥವರು ‘ಎಲ್ಲವನ್ನೂ ನಾನೇ ಮಾಡಿದೆ’ ಎಂದು ಹೆಮ್ಮೆಪಟ್ಟರೆ ಮಾತ್ರ ನಮಗೆ ಅನುಮಾನ. ಸೇನೆಯ ಕೈಪಿಡಿಗಳನ್ನು ಬರೆದದ್ದು ಕಡ್ಡಾಯ ಸೇವೆಗೆ ಬಂದ ಎಳೆಯ ಹುಡುಗನಿಗೂ ಅರ್ಥವಾಗಲೆಂದು. ಬಿಡಿಭಾಗವನ್ನು ದಶಕಗಳ ಕಾಲ ಕಾಪಾಡಿದ್ದು ಯಾರೋ ಗುಜರಿಯವನು. ಸವೆದದ್ದನ್ನು ತಿದ್ದಿಕೊಟ್ಟದ್ದು ಯಾರೋ ಲೇತಿನವನು. ಎರಡನೇ ಮಹಾಯುದ್ಧದ ನಂತರ ನಮ್ಮ ಮಲೆನಾಡು, ಕೊಡಗಿನ ತೋಟಗಳಿಗೆ ಬಂದ ಡಿಸ್ಪೋಸಲ್ ಜೀಪುಗಳನ್ನು ಬದುಕಿಸಿದ್ದೂ ಹೆಸರಿಲ್ಲದ ಮೆಕ್ಯಾನಿಕ್‌ಗಳೇ. ಅಲ್ಲಿ ಅದು ಹವ್ಯಾಸವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಒಂದೊಂದೇ ಭಾಗ ಬದಲಾಗಿ ಕೊನೆಗೆ ಉಳಿದದ್ದು ಅದೇ ಟ್ರಕ್ಕೇ ಎಂಬ ಪ್ರಶ್ನೆಯನ್ನು ಗ್ರೀಕರು ಹಡಗಿನ ಹೆಸರಿನಲ್ಲಿ ಬಹಳ ಹಿಂದೆಯೇ ಎತ್ತಿದ್ದರು. ತತ್ವಶಾಸ್ತ್ರದ ತರಗತಿಗೆ ಅದು ಒಳ್ಳೆಯ ಪ್ರಶ್ನೆ. ನಮ್ಮನ್ನು ಕಾಡುವುದು ಬೇರೆಯದು: ಟ್ರಕ್ಕಿನಲ್ಲಿ ಮುರಿದದ್ದನ್ನು ಸರಿಪಡಿಸಬಹುದು. ಟ್ರಕ್ಕಿನಿಂದ ಮುರಿದದ್ದನ್ನು?

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿ ಇಂತಹ ಪ್ರವಾಸಿಗಳಿಗೆ ಪ್ರಿಯವಾದ ಜಾಗ. 1942ರಲ್ಲಿ ಉತ್ತರ ಆಫ್ರಿಕಾದ ಯುದ್ಧಕ್ಕೆ ಸೈನಿಕರನ್ನು ತಯಾರು ಮಾಡಲೆಂದು ಜನರಲ್ ಪ್ಯಾಟನ್ ಅಲ್ಲಿ ತರಬೇತಿ ಕೇಂದ್ರ ತೆರೆದನು. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಹರಡಿಕೊಂಡಿದ್ದ ಆ ಕೇಂದ್ರ 1944ರಲ್ಲಿ ಮುಚ್ಚಿತು. ಆಫ್ರಿಕಾದ ಯುದ್ಧವಂತೂ 1943ರ ಮೇ ತಿಂಗಳಲ್ಲೇ ಮುಗಿದಿತ್ತು. ಡೇರೆಗಳು ಹೋದವು, ಸೈನಿಕರು ಹೋದರು. ಟ್ಯಾಂಕು, ಟ್ರಕ್ಕುಗಳ ಜಾಡು ಮಾತ್ರ 80 ವರ್ಷ ಕಳೆದರೂ ಹಲವೆಡೆ ಅಳಿದಿಲ್ಲ. ಸೈನಿಕರು ಕಾಲುದಾರಿಯ ಅಂಚಿಗೆ ಜೋಡಿಸಿದ ಕಲ್ಲುಗಳೂ ಹಾಗೆಯೇ ಇವೆ.

ಮರಳು ಎಲ್ಲವನ್ನೂ ಮುಚ್ಚಿಬಿಡುತ್ತದೆ ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ದಿಬ್ಬಗಳಲ್ಲಿ ಅದು ನಿಜ. ಆದರೆ ಮರುಭೂಮಿಯೆಂದರೆ ಬರೀ ದಿಬ್ಬಗಳಲ್ಲ. ಬಹಳ ಕಡೆ ನೆಲದ ಮೇಲೆ ಸಣ್ಣ ಕಲ್ಲುಗಳು ಒತ್ತೊತ್ತಾಗಿ ಹಾಸಿಕೊಂಡಿರುತ್ತವೆ. ಅದರಡಿ ನುಣುಪಾದ ಧೂಳಿರುತ್ತದೆ. ಇನ್ನು ಕೆಲವೆಡೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಣ್ಣನ್ನು ಹೆಣೆದು ತೆಳುವಾದ ಪದರವೊಂದನ್ನು ಕಟ್ಟಿರುತ್ತವೆ. ಮೂರು ಟನ್ನಿನ ಟ್ರಕ್ ಒಮ್ಮೆ ಹಾದರೆ ಆ ಪದರ ಒಡೆಯುತ್ತದೆ, ಧೂಳು ಗಾಳಿಯ ಪಾಲಾಗುತ್ತದೆ, ಕೆಳಗಿನ ಮಣ್ಣು ಬಿಗಿದುಕೊಂಡು ನೀರು ಇಂಗದಂತಾಗುತ್ತದೆ. ಹಾಗೆ ಬಿಗಿದ ಮಣ್ಣು ಮತ್ತೆ ಸಡಿಲಾಗಲು ನೂರು ವರ್ಷವೂ ಬೇಕಾಗಬಹುದು ಎನ್ನುತ್ತಾರೆ ವಿಜ್ಞಾನಿಗಳು. ಅದಕ್ಕೆ ಬದಲಿ ಸೀಲು ಯಾವ ಗುಜರಿಯಲ್ಲೂ ಸಿಗುವುದಿಲ್ಲ.

ಹಾಗೆಂದು ಟ್ರಕ್ಕುಗಳನ್ನು ಕರಗಿಸಿಬಿಡಿ ಎಂದು ನಾವು ಹೇಳುವುದಿಲ್ಲ. ಈಗಾಗಲೇ ಇರುವ ದಾರಿ ಬಿಟ್ಟು ಚಕ್ರ ಹೊರಗಿಡದವರು ಬಹಳಷ್ಟಿದ್ದಾರೆ, ಮತ್ತು ಎಣ್ಣೆಯ ಹನಿಗೂ ಲೆಕ್ಕವಿಡುವವನಿಗೆ ಈ ಎಚ್ಚರ ಕಷ್ಟದ್ದೇನಲ್ಲ. ಮೊಹಾವಿಯಲ್ಲಿ ಒಂದು ಜಾತಿಯ ಆಮೆಯಿದೆ. ಅಪಾಯದಲ್ಲಿರುವ ಜೀವಿಯೆಂದು 1990ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಬಿಸಿಲು ಏರಿದಾಗ ಅದು ನಿಂತ ವಾಹನದ ಅಡಿಗೆ ಬಂದು ನೆರಳಲ್ಲಿ ಕೂರುವುದುಂಟು. ಆದ್ದರಿಂದ ಹೊರಡುವ ಮುನ್ನ ಬಗ್ಗಿ ಅಡಿಯನ್ನು ನೋಡಬೇಕೆಂದು ಅಲ್ಲಿನ ಅಧಿಕಾರಿಗಳು ಹೇಳುತ್ತಾರೆ. ಆಮೆ ಇದ್ದರೆ ಅದನ್ನು ಮುಟ್ಟುವಂತಿಲ್ಲ, ಅದು ತಾನಾಗಿ ಎದ್ದು ಹೋಗುವವರೆಗೆ ಟ್ರಕ್ ಅಲ್ಲೇ ನಿಂತಿರಬೇಕು.