ಯಾವ ಜೇನು, ಯಾವ ಮರ?

ಪ್ರೊಪೊಲಿಸ್ (ಜೇನುಗೂಡಿನ ಅಂಟು) ಎಂದು ಬರೆದ ಹನಿ ಔಷಧ, ಗಂಟಲಿನ ಸ್ಪ್ರೇಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ನಾನು ಹುಡುಕುವುದು ಎರಡೇ ಸಂಗತಿ: ಯಾವ ಜೇನು ತಂದದ್ದು, ಯಾವ ಮರದಿಂದ ತಂದದ್ದು. ಅವೆರಡೂ ಇಲ್ಲದಿದ್ದರೆ ಸೀಸೆಯಲ್ಲಿ ಏನಿದೆ ಎಂದು ಹೇಳಿದಂತಾಗುವುದಿಲ್ಲ.

ಪ್ರೊಪೊಲಿಸ್‌ನ ತಿರುಳಾದ ರಾಳ ಹುಳುವಿನ ಮೈಯಲ್ಲಿ ಹುಟ್ಟುವುದಲ್ಲ. ಮೊಗ್ಗು, ಎಲೆ, ಗಾಯವಾದ ತೊಗಟೆಗಳಲ್ಲಿ ಜಿನುಗುವ ಅಂಟನ್ನು ಹುಳು ಕಚ್ಚಿ ತೆಗೆದು, ಪರಾಗ ಹೊರುವ ಹಿಂಗಾಲಿಗೇ ಮೆತ್ತಿಕೊಂಡು ತರುತ್ತದೆ. ಗೂಡಿನಲ್ಲಿ ಅದಕ್ಕೆ ಮೇಣ ಬೆರೆಯುತ್ತದೆ. ಸಾಮಾನ್ಯವಾಗಿ ಅರ್ಧದಷ್ಟು ರಾಳ, ಶೇ 30ರಷ್ಟು ಮೇಣ. ಗುಣವೆಲ್ಲ ಬದಲಾಗುವುದು ಆ ರಾಳದೊಳಗೆ.

ಯುರೋಪಿನ ಜೇನುಗಳಿಗೆ ಪಾಪ್ಲರ್ ಮರದ ಮೊಗ್ಗೇ ಮುಖ್ಯ ಆಧಾರ. ಆ ಪ್ರೊಪೊಲಿಸ್‌ನಲ್ಲಿ ಕ್ರೈಸಿನ್, ಗಲಾಂಗಿನ್, ಪಿನೊಸೆಂಬ್ರಿನ್‌ನಂಥ ಫ್ಲೇವನಾಯ್ಡ್‌ಗಳು ತುಂಬಿರುತ್ತವೆ. ಬ್ರೆಜಿಲ್‌ನ ಮಿನಾಸ್ ಜೆರೈಸ್‌ನಲ್ಲಿ ಜೇನುಗಳು ಬ್ಯಾಕರಿಸ್ ಎಂಬ ಪೊದೆಯ ಎಳೆ ಚಿಗುರನ್ನು ಕಡಿದು ತರುತ್ತವೆ. ಅಂಟು ಹಸಿರು, ಅದರ ಹೆಗ್ಗುರುತು ಆರ್ಟಿಪಿಲಿನ್-ಸಿ. ಅದೇ ದೇಶದ ಈಶಾನ್ಯ ಕರಾವಳಿಯ ಅಲಗೋವಾಸ್‌ನಲ್ಲಿ ಕಾಂಡ್ಲಾ ಕಾಡಿನಂಚಿನ ಡಾಲ್ಬರ್ಜಿಯಾ ಗಿಡದಿಂದ ಬರುವುದು ರಕ್ತಗೆಂಪು ಅಂಟು. ಅದರಲ್ಲಿ ಐಸೊಫ್ಲೇವನಾಯ್ಡ್‌ಗಳದೇ ದರ್ಬಾರು. ಆ ಗಿಡ ನಮ್ಮ ಬೀಟೆ ಮರದ ಹತ್ತಿರದ ನೆಂಟ. ಹುಳುವಿನ ಜಾತಿ ಮೂರೂ ಕಡೆ ಒಂದೇ, ಬದಲಾದದ್ದು ಗಿಡ ಮಾತ್ರ. ಹಾಗಿರುವಾಗ ಪಾಪ್ಲರ್ ಅಂಟಿನ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ಬ್ರೆಜಿಲ್‌ನ ಹಸಿರು ಅಂಟಿಗೆ ಅನ್ವಯಿಸುವುದು ಸರಿಯಲ್ಲ. ಎಲ್ಲ ಪ್ರೊಪೊಲಿಸ್‌ಗೂ ಒಂದೇ ಮಾನದಂಡ ಸಾಧ್ಯವಿಲ್ಲ, ಸಸ್ಯಮೂಲದ ಪ್ರಕಾರ ಬೇರೆ ಬೇರೆ ಬೇಕು ಎಂದು ಬಲ್ಗೇರಿಯಾದ ರಸಾಯನಶಾಸ್ತ್ರಜ್ಞೆ ವಾಸ್ಸ್ಯಾ ಬಂಕೋವಾ 2005ರಲ್ಲೇ ವಾದಿಸಿದ್ದರು.

ಇಂಡೋನೇಷ್ಯಾ, ಥಾಯ್ಲೆಂಡ್‌ಗಳ ಪ್ರೊಪೊಲಿಸ್‌ನಲ್ಲಿ ಮಾವಿನ ಮರದ ಫೀನಾಲಿಕ್ ಲಿಪಿಡ್‌ಗಳು ಸಿಕ್ಕಿವೆ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಈ ಸುದ್ದಿ ಬೇಕೇ ಬೇಕು, ಏಕೆಂದರೆ ಚರ್ಮ ಕೆರಳಿಸುವ ಗುಣ ಈ ಬಗೆಯ ಲಿಪಿಡ್‌ಗಳಿಗಿದೆ.

ಇನ್ನು ಜೇನಿನ ಜಾತಿ. ನಮ್ಮ ತುಡುವೆ ಜೇನು ಅಂಟಿನ ಗೋಜಿಗೆ ಹೋಗುವುದು ತೀರಾ ಕಡಿಮೆ. ಕೋಲುಜೇನು ಗೂಡು ಕಟ್ಟಿದ ಕೊಂಬೆಗೆ ಎರಡೂ ಬದಿಯಲ್ಲಿ ಅಂಟು ಬಳಿದು ಇರುವೆಗಳನ್ನು ತಡೆಯುತ್ತದೆ. ಅಂಟಿನ ನಿಜವಾದ ಕುಶಲಕರ್ಮಿ ಮುಜಂಟಿ, ಮಲೆನಾಡಿನ ಕೆಲವೆಡೆ ಮಿಸ್ರಿ ಎಂದು ಕರೆಯುವ ಕೊಂಡಿಯಿಲ್ಲದ ಪುಟ್ಟ ಜೇನು. ತುಪ್ಪ, ಪರಾಗ ತುಂಬುವ ಕುಡಿಕೆ, ಮೊಟ್ಟೆಯ ಕೋಶ, ಬಾಗಿಲಿನ ಕೊಳವೆ ಎಲ್ಲವನ್ನೂ ಅದು ಮೇಣ ಮತ್ತು ಮರದ ಅಂಟು ಬೆರೆಸಿಯೇ ಕಟ್ಟುತ್ತದೆ. ಥಾಯ್ಲೆಂಡ್‌ನ ಇಂಥದೇ ಜೇನಿನ ಅಂಟಿನಲ್ಲಿ ಮ್ಯಾಂಗೊಸ್ಟೀನ್ ಹಣ್ಣಿನ ಮ್ಯಾಂಗೊಸ್ಟಿನ್ ಸಿಕ್ಕಿದೆ.

ನಮ್ಮಲ್ಲಿ ಮುಜಂಟಿ ಸಾಕುವವರಲ್ಲಿ ನನ್ನದೊಂದು ಬಿನ್ನಹ. ಅಂಟು ಮಾರುವ ಮೊದಲು ಪೆಟ್ಟಿಗೆಯ ಸುತ್ತ ಯಾವ ಮರಗಳಿವೆ, ಯಾವ ತಿಂಗಳಲ್ಲಿ ಹುಳುಗಳು ಯಾವುದರ ಅಂಟಿಗೆ ಮುತ್ತುತ್ತವೆ ಎಂದು ಬರೆದಿಡಿ. ಪ್ರಯೋಗಾಲಯಕ್ಕೆ ಕಳಿಸುವ ಪ್ರತಿ ಉಂಡೆಯ ಜೊತೆ ಆ ಚೀಟಿಯೂ ಹೋಗಲಿ.