ಇಂದಿನ ಧಮ್ಮ ಚಿಂತನೆ: ಗೆದ್ದ ದುಡ್ಡು ಯಾರದು?



ಮೊನ್ನೆ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ತಮ್ಮ ಕೇಳಿದ: "ಅಣ್ಣಾ, ಮೊಬೈಲಲ್ಲಿ ಗಾಲ್ಫ್ ಆಡ್ತೀನಿ. ಎಂಟ್ರಿ ಫೀ ಕಟ್ಟಿ ಆಡೋ ಸ್ಪರ್ಧೆಗಳಿವೆ. ನಾನು ಚಾಂಪಿಯನ್ ಅಲ್ಲ, ಸುಮಾರಾಗಿ ಆಡ್ತೀನಿ. ತಿಂಗಳಿಗೆ ಒಂದಿಷ್ಟು ದುಡ್ಡು ಮಾಡ್ಬಹುದಾ? ಇದು ಜೂಜಲ್ಲ, ಕೌಶಲದ ಆಟ."

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಕೌಶಲದ್ದಾದರೂ ಸರಿ, ಬೇಡ ಎನ್ನುತ್ತದೆ. ಕಾನೂನು ಹೀಗೆ ಬದಲಾಗುತ್ತಿರುತ್ತದೆ. ತಮ್ಮನ ಪ್ರಶ್ನೆ ಹಾಗೇ ಉಳಿಯುತ್ತದೆ.

ಲೆಕ್ಕ ಹಾಕೋಣ. ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರು, ನಮಗೆ ಲೆಕ್ಕದ ಹೆದರಿಕೆ ಬೇಡ. ಇಬ್ಬರು ತಲಾ 50 ರೂಪಾಯಿ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಕಂಪನಿ 15 ಇಟ್ಟುಕೊಂಡು ಗೆದ್ದವನಿಗೆ 85 ಕೊಡುತ್ತದೆ. ಸುಮಾರಾಗಿ ಆಡುವವನು 100 ಆಟದಲ್ಲಿ 50 ಗೆಲ್ಲುತ್ತಾನೆ. ಕಟ್ಟಿದ್ದು 5000, ಬಂದದ್ದು 4250. ಕೈಯಿಂದ 750 ಹೋಯಿತು. ಅಸಲು ಉಳಿಯಬೇಕಾದರೂ 59 ಆಟ ಗೆಲ್ಲಬೇಕು. ಚೆನ್ನಾಗಿ ಆಡತೊಡಗಿದರೆ ಇನ್ನೂ ಚೆನ್ನಾಗಿ ಆಡುವವರ ಎದುರು ಕೂರಿಸುವ ಆಟಗಳೇ ಹೆಚ್ಚು. ಹಾಗಾಗಿ ಬೇಕೆಂದೇ ಸೋತು ಕೆಳಗಿಳಿದು ಎಳೆಯ ಆಟಗಾರರನ್ನು ಹಿಡಿಯುವವರೂ ಇದ್ದಾರೆ. ಗಾಲ್ಫ್‌ನವರು ಇದಕ್ಕೆ ಸ್ಯಾಂಡ್‌ಬ್ಯಾಗಿಂಗ್ ಎನ್ನುತ್ತಾರೆ. ಬಾಯಿ ತೆರೆಯದೇ ಹೇಳುವ ಸುಳ್ಳು, ನಾಲ್ಕನೇ ಶೀಲ ಅಲ್ಲೇ ಮುರಿಯಿತು.

ಸರಿ, ನಿಜವಾಗಿಯೂ 60 ಗೆಲ್ಲುವ ಕೈಚಳಕ ಇದ್ದರೆ? ನನಗೆ ಮುಖ್ಯ ಅನಿಸುವುದು ಇದೇ.

ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನ ಮಗ ಸಿಗಾಲನಿಗೆ ಜೂಜಿನ ಆರು ಕೇಡುಗಳನ್ನು ಹೇಳುತ್ತಾರೆ. ಹಣ ಕರಗುವುದು, ಸಭೆಯಲ್ಲಿ ಮಾತಿಗೆ ಬೆಲೆ ಇಲ್ಲದಾಗುವುದು, ಹೆಣ್ಣು ಕೊಡಲು ಹಿಂಜರಿಯುವುದು ಎಲ್ಲ ಅದರಲ್ಲಿವೆ. ಆದರೆ ಪಟ್ಟಿ ಶುರುವಾಗುವುದು ಸೋತವನಿಂದಲ್ಲ. ಗೆದ್ದವನು ವೈರ ಗಳಿಸುತ್ತಾನೆ ಎಂಬುದೇ ಮೊದಲನೆಯದು. ಅದೃಷ್ಟವೋ ಕೌಶಲವೋ ಎಂದು ಆ ಪಟ್ಟಿ ಕೇಳುವುದೇ ಇಲ್ಲ.

ಇದನ್ನು ನಾನು ಕಳ್ಳತನ ಎನ್ನುವುದಿಲ್ಲ. ಎದುರಿನವನು ತಾನೇ ಒಪ್ಪಿ ಕಟ್ಟಿದ್ದಾನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಜೂಜಿನ ಹೆಸರೂ ಇಲ್ಲ. ಆದರೆ ಅಷ್ಟಾಂಗ ಮಾರ್ಗದಲ್ಲಿ ನಡೆಯುತ್ತೇನೆ ಎಂಬುದಿದೆ, ಅದರಲ್ಲಿ ಸಮ್ಯಕ್ ಆಜೀವವಿದೆ. ಬಡಗಿ ಮೇಜು ಮಾಡಿ ದುಡ್ಡು ಪಡೆದರೆ ಕೊಟ್ಟವನ ಮನೆಯಲ್ಲಿ ಮೇಜು ಉಳಿಯುತ್ತದೆ. ಇಲ್ಲಿ ಸೋತವನ ಮನೆಯಲ್ಲಿ ಏನು ಉಳಿಯಿತು? ಸ್ಕ್ರೀನ್ ಮೇಲೆ ನಮಗೆ ಕಾಣುವುದು ಅವನ ಅಡ್ಡಹೆಸರು ಮಾತ್ರ. ಅವನು ಊಟ ತಲುಪಿಸುವ ಹುಡುಗನೋ, ಗಾರ್ಮೆಂಟ್ಸ್ ಪಾಳಿ ಮುಗಿಸಿ ಬಸ್ಸಲ್ಲಿ ಕೂತ ತಂಗಿಯೋ, ನಮ್ಮದೇ ಕೇರಿಯವರೋ, ಗೊತ್ತಾಗದಂತೆ ಆಟವನ್ನು ಕಟ್ಟಿದ್ದಾರೆ.

ಫೀ ಇಲ್ಲದ ಗಾಲ್ಫ್ ಆಡಲಿ, ನನ್ನ ತಕರಾರಿಲ್ಲ. ಬರುವ ಭಾನುವಾರ ಸಿಗಾಲೋವಾದ ಸುತ್ತವನ್ನೇ ಓದೋಣ, ಮಕ್ಕಳನ್ನೂ ಕರೆತನ್ನಿ.

ಜೈಭೀಮ್. ನಮೋ ಬುದ್ಧಾಯ.