ಇಂದಿನ ಧಮ್ಮ ಚಿಂತನೆ: ಏಳಲಾಗದ ಬೆಳಗು



ನೀರು ಕಾದಿದೆ, ಸ್ನಾನಕ್ಕೆ ಏಳಲಾಗುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಮುಂದಿದೆ, ಪೆನ್ನು ಹಿಡಿಯಲಾಗುವುದಿಲ್ಲ. ಮಾಡಬೇಕೆಂಬ ಆಸೆಯಿದೆ, ಹೇಗೆಂದೂ ಗೊತ್ತು, ಶುರುವೇ ಆಗುವುದಿಲ್ಲ. ಇದು ಸೋಮಾರಿತನವೇ?

ಅರೇಹಳ್ಳಿ ಸೀಮೆಯ ಕಾಫಿ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದವರ ಮಕ್ಕಳು ನಾವು. ಅವರಿಗೂ 'ಸೋಮಾರಿ' ಎಂಬ ಬೈಗುಳ ತಪ್ಪಲಿಲ್ಲ. ಈಗ ಅದೇ ಮಾತನ್ನು ನಾವೇ ನಮ್ಮ ಮಕ್ಕಳಿಗೆ ಅಂಟಿಸುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಮನಸ್ಸಿನ ಜಡತ್ವ, ತೂಕಡಿಕೆಯನ್ನು ಭಗವಾನ್ ಬುದ್ಧರು 'ಥೀನಮಿದ್ಧ' ಎಂದು ಕರೆದು ಐದು ನೀವರಣಗಳಲ್ಲಿ ಒಂದೆಂದು ಎಣಿಸಿದರು. ನೀವರಣವೆಂದರೆ ಅಡ್ಡಿ, ಅದು ಮನುಷ್ಯನ ಹುಟ್ಟುಗುಣವಲ್ಲ. ಮುಂದೆ ಅಗ್ರಶಿಷ್ಯರಾದ ಮೊಗ್ಗಲ್ಲಾನರೇ ಧ್ಯಾನಕ್ಕೆ ಕೂತು ತೂಕಡಿಸಿದ್ದರು. ಬುದ್ಧರು ಬೈಯಲಿಲ್ಲ. ಕಿವಿ ಎಳೆದುಕೊಳ್ಳುವುದು, ಮೈ ತಿಕ್ಕಿಕೊಳ್ಳುವುದು, ಕಣ್ಣಿಗೆ ನೀರು ಹಾಕಿ ನಕ್ಷತ್ರ ನೋಡುವುದು, ಎದ್ದು ನಡೆಯುವುದು, ಹೀಗೆ ಒಂದೊಂದೇ ಉಪಾಯ ಹೇಳಿದರು. ಯಾವುದೂ ಆಗದಿದ್ದರೆ ಏಳುವುದನ್ನು ಮನಸ್ಸಿನಲ್ಲಿಟ್ಟು ಮಲಗಲು ಹೇಳಿದರು.

ಇದರಿಂದ ನಾನು ಕಲಿತದ್ದು ಇಷ್ಟು: ಸ್ನಾನ ದೊಡ್ಡದು, ಟವೆಲ್ ಎತ್ತಿಕೊಳ್ಳುವುದು ಚಿಕ್ಕದು. ಅರ್ಜಿ ದೊಡ್ಡದು, ಹೆಸರು ಬರೆಯುವುದು ಚಿಕ್ಕದು. ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತರೂ ಸುಲಭವಾಗುತ್ತದೆ. ಸಂಘವೆಂದರೆ ಅದೂ ಹೌದು.

ವಾರಗಟ್ಟಲೆ ಹೀಗೇ ಇದ್ದರೆ ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಇದ್ದರೆ ಎಡಿಎಚ್‌ಡಿ ಇರಬಹುದು. ಆಗ ಧ್ಯಾನವೊಂದೇ ಸಾಲದು, ವೈದ್ಯರು ಬೇಕು. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಬಾಬಾಸಾಹೇಬರಿಂದ ಕಲಿತವರು ನಾವು. ಏಳಲಾಗದ ಒಂದು ಬೆಳಗಿನಿಂದಲೂ ಅಳೆಯದಿರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.